ಪೇಪರ್ ಹಾಕಿದವರನ್ನು ಬೈಯುವ ಮುಂಚೆ

ಬೈಬಲ್ ತೆಗೆಯಿರಿ, ವಿಮೋಚನಕಾಂಡ 5ನೇ ಅಧ್ಯಾಯ. ನೀವು ತೆಗೆಯೋಷ್ಟರಲ್ಲಿ ನಾನೊಂದು ತಪ್ಪು ಒಪ್ಪಿಕೊಂಡುಬಿಡ್ತೀನಿ.

ಹೋದ ತಿಂಗಳು ನಮ್ಮ ಸಭೆಯ ಒಬ್ಬ ತಮ್ಮ ಬಂದು, "ಪಾಸ್ಟರ್, ಪೇಪರ್ ಹಾಕಿಬಿಟ್ಟೆ" ಅಂದ. ಬೇರೆ ಕೆಲಸ ಇನ್ನೂ ಸಿಕ್ಕಿರಲಿಲ್ಲ. ಯಾಕೆ ಅಂತ ನಾನು ಕೇಳಲೇ ಇಲ್ಲ. "ಈಗಿನ ಹುಡುಗರಿಗೆ ಮೈ ಬಗ್ಗಲ್ಲ, ಸ್ವಲ್ಪ ಅಡ್ಜಸ್ಟ್ ಮಾಡ್ಕೋಬೇಕಿತ್ತು" ಅಂದೆ. ತಲೆ ತಗ್ಗಿಸಿ ಹೋದವನು ಎರಡು ಭಾನುವಾರ ಆರಾಧನೆಗೆ ಬರಲಿಲ್ಲ.

ಆ ಮಾತು ನನ್ನ ಬಾಯಿಗೆ ಎಲ್ಲಿಂದ ಬಂತು? ನಾವು ಕೆಜಿಎಫ್‌ನವರು. ಚಾಂಪಿಯನ್ ರೀಫ್‌ನಲ್ಲಿ ಮೂರು ಕಿಲೋಮೀಟರ್ ಆಳಕ್ಕೆ ಇಳಿದು, ಬಿಸಿ ಬಂಡೆ ನಡುವೆ ದುಡಿದವರ ಮಕ್ಕಳು. 2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಮುಚ್ಚಿತು. ನಮ್ಮ ಅಪ್ಪಂದಿರು ಕೆಲಸ ಬಿಡಲಿಲ್ಲ. ಕೆಲಸವೇ ಅವರನ್ನು ಬಿಟ್ಟುಹೋಯ್ತು. ಅವತ್ತಿಂದ ನಮ್ಮ ಮನೆಗಳಲ್ಲಿ ಒಂದೇ ಮಾತು: ಏನೇ ಆಗಲಿ, ಕೈಯಲ್ಲಿರೋ ಕೆಲಸ ಬಿಡಬೇಡ. ಅದು ವಿಶ್ವಾಸ ಅಲ್ಲ ಪ್ರಿಯರೇ, ಭಯ. ಆ ಭಯವನ್ನೇ ನಾನು ತಾಳ್ಮೆ ಅಂತ ಹೆಸರಿಟ್ಟು ಬೋಧಿಸ್ತಿದ್ದೆ.

ಈಗ ವಾಕ್ಯ ನೋಡಿ. ಅರಣ್ಯಕ್ಕೆ ಹೋಗಿ ದೇವರಿಗೆ ಹಬ್ಬ ಮಾಡ್ತೀವಿ ಅಂತ ಜನರು ಬಿಡುವು ಕೇಳಿದರು. ಫರೋಹನು ಹುಲ್ಲು ಕೊಡೋದನ್ನೇ ನಿಲ್ಲಿಸಿದ. ಇಟ್ಟಿಗೆಯ ಲೆಕ್ಕ ಮಾತ್ರ ಒಂದೂ ಇಳಿಸಲಿಲ್ಲ. ನಿಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಟೀಮ್‌ನಲ್ಲಿ ಅರ್ಧ ಜನ ಇಲ್ಲ, ಟಾರ್ಗೆಟ್ ಮಾತ್ರ ಹಾಗೇ ಇದೆ. ಅವನು ಕೊಟ್ಟ ಕಾರಣ? ಇವರು ಮೈಗಳ್ಳರು ಅಂತ. ಆ ತಮ್ಮನಿಗೆ ನಾನು ಹೇಳಿದ್ದೂ ಅದನ್ನೇ. ಮೋಶೆಯ ಜಾಗದಲ್ಲಿ ಕೂತು ಫರೋಹನ ಮಾತಾಡಿದೆ.

ಕೊರೊನಾ ಆದಮೇಲೆ ಜನ ಸಾಲುಸಾಲಾಗಿ ಕೆಲಸ ಬಿಟ್ಟರು. ನಮ್ಮ ಬೆಂಗಳೂರಿನ ಇನ್ಫೋಸಿಸ್‌ನಲ್ಲೇ 2022ರ ಮಾರ್ಚ್ ವೇಳೆಗೆ ಬಿಟ್ಟವರ ಪ್ರಮಾಣ ಶೇ. 27.7. ಎಲ್ಲಾ ದುಡ್ಡಿನಾಸೆ ಅಂತ ನಾವು ತೀರ್ಪು ಕೊಟ್ಟುಬಿಟ್ವಿ. ಹೆಚ್ಚು ಸಂಬಳಕ್ಕೆ ಹೋದವರೂ ಇದ್ದಾರೆ, ಅದು ಪಾಪವೇನಲ್ಲ. ಆದರೆ ಅದೇ ವರ್ಷ ಎಂಐಟಿ ಸ್ಲೋನ್ ಪತ್ರಿಕೆಯಲ್ಲಿ ಬಂದ ಅಮೆರಿಕದ ಅಧ್ಯಯನವೊಂದು, ಜನ ಬಿಟ್ಟುಹೋಗೋದಕ್ಕೆ ಸಂಬಳಕ್ಕಿಂತ ಹತ್ತು ಪಟ್ಟು ದೊಡ್ಡ ಸೂಚನೆ ಕಂಪನಿಯೊಳಗಿನ ವಿಷದ ವಾತಾವರಣ ಅಂತ ಹೇಳಿತು. ಅಂದ್ರೆ ಅವಮಾನ, ಭೇದಭಾವ.

ಕಳೆದ ವಾರ ಬಂಗಾರಪೇಟೆ ಸ್ಟೇಷನ್ ಬೆಂಚಿನ ಮೇಲೆ ಆ ತಮ್ಮನ ಪಕ್ಕ ಕೂತು ಕೇಳಿದೆ. ಕತ್ತಲಲ್ಲೇ ಮಾರಿಕುಪ್ಪಂ ಟ್ರೈನು, ರಾತ್ರಿ ಹತ್ತಕ್ಕೆ ಮನೆ, ಭಾನುವಾರವೂ ಮ್ಯಾನೇಜರ್ ಫೋನು, ಎಲ್ಲರೆದುರು ಬೈಗುಳ. "ಪ್ರಾರ್ಥನೆಗೆ ಮೊಣಕಾಲೂರಿದ್ರೆ ಅಲ್ಲೇ ನಿದ್ದೆ ಬರ್ತಿತ್ತು ಪಾಸ್ಟರ್" ಅಂದ.

6ನೇ ಅಧ್ಯಾಯ 9ನೇ ವಚನ ನೋಡಿ. ಮೋಶೆ ಬಿಡುಗಡೆಯ ವಾಗ್ದಾನ ಹೇಳಿದರೂ ಜನ ಕಿವಿಗೊಡಲಿಲ್ಲ. ದುಡಿದು ದುಡಿದು ಮನಸ್ಸು ಕುಗ್ಗಿಹೋಗಿತ್ತು. ದೇವರು ಆ ಜನರನ್ನು ಗದರಲಿಲ್ಲ. ಮೋಶೆಯನ್ನು ತಿರುಗಿ ಫರೋಹನ ಹತ್ತಿರವೇ ಕಳಿಸಿದರು.

ಹಾಗಂತ ನಾಳೆ ಎಲ್ಲರೂ ಪೇಪರ್ ಹಾಕಿ ಅಂತಿಲ್ಲ. ಇಎಂಐ ನನಗೂ ಇದೆ. ಈಗ ಹಾಡು ಶುರುವಾದಾಗ, ಕೆಲಸ ಬಿಟ್ಟಿರೋರು, ಬಿಡಲಾರದೆ ಒಳಗೇ ಸುಡ್ತಿರೋರು ಮುಂದೆ ಬನ್ನಿ. ಮೊದಲು ಕೇಳಿಸ್ಕೊಳ್ತೀನಿ, ಆಮೇಲೆ ಪ್ರಾರ್ಥನೆ. ಆ ತಮ್ಮನೂ ಇಲ್ಲೇ ಕೂತಿದ್ದಾನೆ. ತಮ್ಮಾ, ನನ್ನದು ತಪ್ಪಾಯ್ತು.