ಬಂಡೆ ಕಡಿಮೆ ಇರೋ ಊರಿನ ಲೆಕ್ಕ

ನಮ್ಮ ಆಫೀಸಿನಲ್ಲಿ ರಾಕ್ ಕ್ಲೈಂಬಿಂಗ್ ಹುಚ್ಚಿನ ಒಂದು ಗುಂಪಿದೆ. ಶನಿವಾರ ಬೆಳಗ್ಗೆ ಐದಕ್ಕೆ ಹೊರಟು ರಾಮನಗರದಲ್ಲಿ ಬಂಡೆ ಹತ್ತಿ ಮಧ್ಯಾಹ್ನದ ಊಟಕ್ಕೆ ವಾಪಸ್. ಟೈಮ್ ಇಲ್ಲದಿದ್ದರೆ ತುರಹಳ್ಳಿ, ನಾಲ್ಕು ದಿನ ರಜೆ ಸಿಕ್ಕರೆ ಬಾದಾಮಿ ಇಲ್ಲವೇ ಹಂಪಿ. "ಮಲೆನಾಡು ಅಂತೀರಿ, ನಿಮ್ಮ ಶಿಕಾರಿಪುರ, ಸೊರಬದ ಕಡೆ ಹತ್ತೋಕೆ ಏನೂ ಇಲ್ವಾ?" ಅಂತ ಒಬ್ಬ ಗೆಳೆಯ ಕೇಳ್ತಾನೇ ಇರ್ತಾನೆ.

ಯಾಕಿಲ್ಲ ಅನ್ನೋದಕ್ಕೆ ಉತ್ತರ ನೆಲದಲ್ಲೇ ಇದೆ. ರಾಮನಗರದಿಂದ ಹಂಪಿ ಕಡೆಗೆ ಸುಮಾರು 250 ಕೋಟಿ ವರ್ಷ ಹಳೆಯ ಗ್ರಾನೈಟಿನ ಉದ್ದನೆಯ ಪಟ್ಟಿಯೊಂದು ಹಾದುಹೋಗಿದೆ. ಅದಕ್ಕೆ ಕ್ಲೋಸ್‌ಪೇಟೆ ಗ್ರಾನೈಟ್ ಅಂತ ಹೆಸರು. ಕ್ಲೋಸ್‌ಪೇಟೆ ಅಂದರೆ ರಾಮನಗರದ್ದೇ ಹಳೆಯ ಹೆಸರು. ಬಾದಾಮಿಯದು ಗಟ್ಟಿ ಮರಳುಗಲ್ಲು. ನಮ್ಮ ಕಡೆ ಕಾಣೋದು ಹೆಚ್ಚಾಗಿ ಜಂಬಿಟ್ಟಿಗೆ. ಕಡಿದು ಗೋಡೆ ಕಟ್ಟಬಹುದು, ಬೆರಳು ಸಿಕ್ಕಿಸಿ ಜೋತುಬಿದ್ದರೆ ಕೈಗೇ ಕಿತ್ತುಬರುತ್ತೆ. ಬಳ್ಳಿಗಾವಿಯ ಕೇದಾರೇಶ್ವರ ಗುಡಿಯ ಬಳಪದ ಕಲ್ಲು ಉಳಿಗೆ ಒಲಿದದ್ದು, ಹಗ್ಗಕ್ಕಲ್ಲ.

ದೊಡ್ಡ ಬಂಡೆ ಅಂದ ಕೂಡಲೇ ನನಗೆ ನೆನಪಾಗೋದು ಸೊರಬ ತಾಲ್ಲೂಕಿನ ಚಂದ್ರಗುತ್ತಿ. ಮೇಲೆ ಕೋಟೆ. ಕೆಳಗೆ ರೇಣುಕಾಂಬೆ, ಬಂಡೆಯ ಗುಹೆಯೊಳಗೇ.

ಇದನ್ನು ಹೇಳಿದಾಗ ಗೆಳೆಯ ಎತ್ತಿದ ವಾದ ಹಗುರವಾದದ್ದಲ್ಲ. "ರಾಮನಗರದ ಹುಡುಗನಿಗೆ ನೂರು ಬಂಡೆ, ಸೊರಬದವನಿಗೆ ಒಂದೇ. ಅದನ್ನೂ ದೇವರಿಗೆ ಬಿಟ್ಟರೆ ಅವನ ಪಾಲು ಸೊನ್ನೆ. ಇದು ನ್ಯಾಯವಾ?"

ಈ ಪ್ರಶ್ನೆ ಸುಮಾರು ದಿನ ಕಾಡಿತು. ಶೋಲೆ ಚಿತ್ರದಿಂದ ಹೆಸರಾದ ರಾಮದೇವರ ಬೆಟ್ಟ 2012ರಲ್ಲಿ ರಣಹದ್ದುಗಳ ಧಾಮವಾಯಿತು. ಹದ್ದಿಗೆ ಒಂದು ಬೆಟ್ಟ ಬಿಟ್ಟುಕೊಟ್ಟವರಿಗೆ ಪಕ್ಕದಲ್ಲೇ ಇನ್ನೊಂದು ಇತ್ತು. ಅಲ್ಲಿನ ತ್ಯಾಗದಲ್ಲಿ ಅರ್ಧ ಪಾಲು ಗ್ರಾನೈಟಿನದ್ದೇ ಅನ್ನಿ. ಚಂದ್ರಗುತ್ತಿಯಲ್ಲಿ ಆ ಅನುಕೂಲ ಇಲ್ಲ, ಒಪ್ತೀನಿ. ಆದರೆ ಕೊರತೆ ಹತ್ತುವವನಿಗೆ ಮಾತ್ರವಲ್ಲ, ಹರಕೆ ಹೊತ್ತು ಬರುವ ಅಜ್ಜಿಗೂ ಇರೋದು ಅದೊಂದೇ. ಹತ್ತುವವನು ರಾತ್ರಿ ಬಸ್ಸಿಗೆ ಬಾದಾಮಿಗೆ ಹೋಗಬಹುದು. ಅಜ್ಜಿಯ ಅಮ್ಮ ಇನ್ನೊಂದು ಬಂಡೆಗೆ ವರ್ಗವಾಗಲ್ಲ. ಒಂದೇ ಇದೆ ಅನ್ನೋದು ನನ್ನ ಹಕ್ಕನ್ನು ಹೆಚ್ಚಿಸಲ್ಲ. ಮೊದಲಿಂದ ಅಲ್ಲಿ ಇರುವವರನ್ನು ಕೇಳಬೇಕಾದ ಜರೂರತ್ತನ್ನು ಹೆಚ್ಚಿಸುತ್ತೆ. ಅವರು ಬೇಡ ಅಂದರೆ ಬೇಡ.

ಹಾಗಂತ ಸೊರಬದ ಹುಡುಗನ ಸೊನ್ನೆ ಹಾಗೇ ಉಳಿಯಿತಲ್ಲ. ಬಾದಾಮಿ ಬಸ್ಸಿನ ದುಡ್ಡು ನನ್ನಂಥ ಸಂಬಳದವನ ಮಾತು, ಹದಿನಾರರ ಹುಡುಗನದ್ದಲ್ಲ. ಕೋಟೆಗೋಡೆಯನ್ನು ಬರಿಗೈಲಿ ಹತ್ತುವ ಜ್ಯೋತಿರಾಜ್ ಅವರನ್ನೇ ನೋಡಿ. ತಮಿಳುನಾಡಿನಿಂದ ಬಂದು ಸೇರಿದ್ದು ಚಿತ್ರದುರ್ಗವನ್ನು. ಶಿಕಾರಿಪುರಕ್ಕೆ ಬಂದಿದ್ದರೆ ಅಡಿಕೆ ಮರ ಹತ್ತಿಕೊಂಡು ಇರುತ್ತಿದ್ದರೋ ಏನೋ!

ಆ ಹುಡುಗನಿಗೆ ನಾವು ಕೊಡಬೇಕಾದ್ದು ಹತ್ತುವ ಅವಕಾಶ, ದೇವಿಯ ಬಂಡೆಯನ್ನಲ್ಲ. ಅವಕಾಶವನ್ನು ಕಬ್ಬಿಣ, ಪ್ಲೈವುಡ್‌ನಲ್ಲೂ ಕಟ್ಟಬಹುದು. ಕಂಠೀರವ ಕ್ರೀಡಾಂಗಣದಲ್ಲಿ ಅಂಥ ಕೃತಕ ಗೋಡೆ ಇದೆ. ಅಂದರೆ ತುರಹಳ್ಳಿ, ರಾಮನಗರ, ಸಾವನದುರ್ಗ ಎಲ್ಲವೂ ಕೈಗೆಟುಕುವ ಬೆಂಗಳೂರಿನಲ್ಲಿ.