ಬೆಟ್ಟ ಯಾರಿಗೆ ಸೇರಿದ್ದು?

ಹಾಂಗ್‌ಕಾಂಗ್ ಎಂದೊಡನೆ ನಿಮ್ಮ ಕಣ್ಣಮುಂದೆ ಬರುವುದು ಮುಗಿಲು ಮುಟ್ಟುವ ಕಟ್ಟಡಗಳು, ಅಂಗಡಿಗಳು, ಜನಜಂಗುಳಿ. ಅದೇ ನಗರದ ಶೌ ಕೇ ವಾನ್ ರೈಲು ನಿಲ್ದಾಣದ ಬಳಿ 9ನೇ ನಂಬರಿನ ಬಸ್ಸು ಹತ್ತಿ ತೋ ತೇ ವಾನ್ ಎಂಬಲ್ಲಿ ಇಳಿಯಿರಿ. ರಸ್ತೆಯ ಮಗ್ಗುಲಲ್ಲೇ ಒಂದು ಕಾಲುದಾರಿ ಗುಡ್ಡವೇರುತ್ತದೆ. ಸ್ವಲ್ಪ ಹೊತ್ತಿನಲ್ಲೇ ನೀವು ‘ಡ್ರ್ಯಾಗನ್ಸ್ ಬ್ಯಾಕ್’ ಎಂಬ ಗುಡ್ಡದ ನೆತ್ತಿಯ ಮೇಲಿರುತ್ತೀರಿ. ಏರಿ ಇಳಿಯುವ ಆ ಸಾಲು ಡ್ರ್ಯಾಗನ್ನಿನ ಬೆನ್ನುಮೂಳೆಯಂತೆ ಕಾಣುವುದರಿಂದ ಈ ಹೆಸರು. ಅಲ್ಲಿನ ಶೆಕ್ ಓ ಶಿಖರದ ಎತ್ತರ 284 ಮೀಟರ್. ಮಲೆನಾಡಿನವರಿಗೆ ಕೇಳಿ ನಗು ಬಂದೀತು. ಆದರೆ ಒಂದು ಬದಿಗೆ ದಕ್ಷಿಣ ಚೀನಾ ಸಮುದ್ರ, ಇನ್ನೊಂದು ಬದಿಗೆ ತೈ ತಾಮ್ ಕೊಲ್ಲಿ, ಮಧ್ಯೆ ಗಾಳಿಗೆ ಬಾಗಿದ ಕುರುಚಲು ಗಿಡಗಳು. ಗೇಟಿಲ್ಲ, ಟಿಕೇಟಿಲ್ಲ.

ಅಲ್ಲಿ ನಡೆಯುವಾಗ ನನ್ನನ್ನು ಒಂದು ಪ್ರಶ್ನೆ ಕಾಡಿತು. ಹಾಂಗ್‌ಕಾಂಗಿನಲ್ಲಿ ಸುಮಾರು 75 ಲಕ್ಷ ಜನರಿದ್ದಾರೆ. ಅದರ ನೆಲದಲ್ಲಿ ನೂರಕ್ಕೆ 40 ಭಾಗದಷ್ಟು ಇಂಥ ಬೆಟ್ಟ ಕಾಡುಗಳಿಗೆಂದು ಕಾನೂನಿನಿಂದ ಕಾಯ್ದಿಟ್ಟದ್ದು. ಅದೇ ಊರಿನಲ್ಲಿ, 2021ರ ಜನಗಣತಿಯ ಪ್ರಕಾರ, ಎರಡು ಲಕ್ಷಕ್ಕೂ ಹೆಚ್ಚು ಜನರು ಒಂದು ಮನೆಯನ್ನು ಹಲವು ತುಂಡು ಮಾಡಿದ ಕೋಣೆಗಳಲ್ಲಿ ವಾಸಿಸುತ್ತಾರೆ. ಎಷ್ಟೋ ಕಡೆ ಒಲೆಯ ಪಕ್ಕದಲ್ಲೇ ಶೌಚ. ಮಲಗಲು ಜಾಗವಿಲ್ಲದವರಿರುವಾಗ ನಡೆದಾಡಲು ಇಷ್ಟು ಜಾಗ ಬಿಟ್ಟದ್ದು ನ್ಯಾಯವೇ?

ಸುಲಭವಾಗಿ ತಳ್ಳಿಹಾಕುವ ಪ್ರಶ್ನೆ ಇದಲ್ಲ. ಸೆಮಿನರಿಯಲ್ಲಿ ನಾವು ಓದಿದ ಸಂತ ತೋಮಾಸ್ ಅಕ್ವಿನಾಸರು, ತೀರಾ ಕಷ್ಟದ ಹೊತ್ತಿನಲ್ಲಿ ಎಲ್ಲ ವಸ್ತುಗಳೂ ಎಲ್ಲರದು, ಬದುಕಿಕೊಳ್ಳಲು ಇನ್ನೊಬ್ಬನ ವಸ್ತುವನ್ನು ತೆಗೆದುಕೊಂಡವನು ಕಳ್ಳನಲ್ಲ ಎಂಬಲ್ಲಿಯವರೆಗೆ ಹೋಗುತ್ತಾರೆ. ಹಾಗಿದ್ದ ಮೇಲೆ ಬೆಟ್ಟದ ಚೆಲುವಿಗೇನು ವಿಶೇಷ ವಿನಾಯಿತಿ?

ಆದರೆ ಅದೇ ಏಣಿನಿಂದ ಕೆಳಗೆ ನೋಡಿ. ಕಡಲ ಪಕ್ಕದಲ್ಲಿ ಹಸಿರು ಹಾಸಿದ ಖಾಸಗಿ ಗಾಲ್ಫ್ ಮೈದಾನವೊಂದು ಕಾಣುತ್ತದೆ; ಅದು ಕೆಲವೇ ಸದಸ್ಯರದು. ಉತ್ತರದ ಫಾನ್‌ಲಿಂಗ್‌ನಲ್ಲಿ 172 ಹೆಕ್ಟೇರಿನ ಇನ್ನೊಂದು ಮೈದಾನವಿತ್ತು. ವರ್ಷಗಟ್ಟಲೆ ವಾದವಿವಾದ ನಡೆದು, 2023ರಲ್ಲಿ ಸರ್ಕಾರ ಅದರಲ್ಲಿ 32 ಹೆಕ್ಟೇರ್ ಮಾತ್ರ ಹಿಂದಕ್ಕೆ ಪಡೆಯಿತು. ಬಡವನಿಗೆ ಮನೆ ಬೇಕೆಂದಾಗ ನಮ್ಮ ಕೈ ಮೊದಲು ಚಾಚುವುದು ಎಲ್ಲರಿಗೂ ಸೇರಿದ ಬಯಲಿನ ಕಡೆಗೆ. ಬೇಲಿ ಹಾಕಿದ್ದರ ಕಡೆಗೆ ಕೊನೆಯಲ್ಲಿ. ಊರಿನ ಗೋಮಾಳದ ಕಥೆ ಗೊತ್ತಿರುವ ನಿಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ತುಂಡು ಕೋಣೆಯಲ್ಲಿರುವವನಿಗೆ ಜಗಲಿಯೂ ಅಂಗಳವೂ ಈ ಬೆಟ್ಟವೇ. ಅದನ್ನು ಕಡಿದು ಕಟ್ಟಡವೆಬ್ಬಿಸಿದರೆ ನಾವು ಕಸಿಯುವುದು ಅವನದನ್ನೇ.

ಈ ಹಸಿರು ತಾನಾಗಿ ಉಳಿದದ್ದೂ ಅಲ್ಲ. 1941ರಿಂದ 1945ರವರೆಗೆ ಜಪಾನಿ ಸೇನೆಯ ಆಳ್ವಿಕೆಯಲ್ಲಿ ಜನರು ಸೌದೆಗಾಗಿ ಮರ ಕಡಿದು ಅಲ್ಲಿನ ಗುಡ್ಡಗಳು ಬೋಳಾಗಿದ್ದವು. ಯುದ್ಧದ ನಂತರ ಸಸಿ ನೆಟ್ಟರು. ಮಳೆನೀರು ಜಲಾಶಯಗಳಿಗೆ ಹರಿಯಲೂ ಅದು ಬೇಕಾಗಿತ್ತು. 1976ರಲ್ಲಿ ಕಾನೂನು ಬಂತು.

ಇಷ್ಟೆಲ್ಲ ಹೇಳಿದ ಮೇಲೂ ನನ್ನ ವಾದದಲ್ಲಿ ಒಂದು ಬಿರುಕು ಉಳಿದಿದೆ. ಟಿಕೇಟಿಲ್ಲದಿದ್ದರೆ ಸಾಕೇ? ಬಿಡುವೇ ಇಲ್ಲದವನಿಗೆ ಬೆಟ್ಟ ತೆರೆದಿದ್ದರೇನು, ಮುಚ್ಚಿದ್ದರೇನು? ಆ ಊರಿನ ಮನೆಗೆಲಸವನ್ನು ಮೂರು ಲಕ್ಷಕ್ಕೂ ಹೆಚ್ಚು ಪರದೇಶಿ ಕೆಲಸಗಾರರು ಹೊತ್ತಿದ್ದಾರೆ. ಹೆಚ್ಚಿನವರು ಫಿಲಿಪ್ಪೀನ್ಸ್, ಇಂಡೋನೇಷ್ಯಾದ ಹೆಂಗಸರು. ಅವರು ಯಜಮಾನನ ಮನೆಯಲ್ಲೇ ವಾಸಿಸಬೇಕೆಂಬುದು 2003ರಿಂದ ಇರುವ ನಿಯಮ. ಆದರೆ ಏಳು ದಿನಕ್ಕೊಂದು ದಿನ ರಜೆ ಕೊಡಲೇಬೇಕೆಂದೂ ಕಾನೂನು ಹೇಳುತ್ತದೆ. ತಮ್ಮದೆನ್ನುವ ಕೋಣೆಯಿಲ್ಲದ ಅವರು ಭಾನುವಾರ ಪೇಟೆಯ ಮೇಲ್ಸೇತುವೆಗಳಲ್ಲಿ ರಟ್ಟು ಹಾಸಿಕೊಂಡು ಕೂರುತ್ತಾರೆ. ಕೆಲವರು ಬೆಟ್ಟ ಹತ್ತುತ್ತಾರೆ. ಬೆಟ್ಟವನ್ನು ಅವರಿಗೆ ಕೊಟ್ಟದ್ದು 1976ರ ಕಾನೂನಿಗಿಂತ ಈ ಒಂದು ದಿನ. (ನಿಮ್ಮ ಮನೆಯ ಕೆಲಸದಾಕೆಗೆ ಆ ಒಂದು ದಿನ ಉಂಟೇ? ಕೇಳುವ ನಾನೇ ಗುರುನಿವಾಸದ ಅಡುಗೆಯಾಕೆಗೆ ಭಾನುವಾರವೇ ಹೆಚ್ಚು ಕೆಲಸ ಹಚ್ಚುವವನು.)

ನಾನು ಅಲ್ಲಿ ನಡೆದದ್ದೂ ಒಂದು ಭಾನುವಾರ, ಪೂಜೆಯ ನಂತರ. ಶಿಖರದ ಬಳಿ ಐದಾರು ಮಂದಿ ಫಿಲಿಪಿನೋ ಹೆಂಗಸರು ಅನ್ನದ ಡಬ್ಬಿ ಬಿಚ್ಚಿ ಕುಳಿತಿದ್ದರು. ನಮ್ಮನ್ನೂ ಕರೆದು ಮೀನು ಬಡಿಸಿದರು. ಅವರಲ್ಲೊಬ್ಬಳು ಫೋನು ಎತ್ತಿ ಹಿಡಿದು ಊರಿನಲ್ಲಿದ್ದ ಮಗನಿಗೆ ಕಡಲನ್ನು ತೋರಿಸುತ್ತಿದ್ದಳು. ಮುಂದೆ ದಾರಿ ಇಳಿಯುವ ಬಿಗ್ ವೇವ್ ಕೊಲ್ಲಿಯವರೆಗೂ ಜೊತೆಗೆ ಬರುತ್ತೀರಾ ಎಂದು ಕೇಳಿದೆ. ಆಕೆ ಗಡಿಯಾರ ನೋಡಿಕೊಂಡು, ಎಂಟು ಗಂಟೆಯೊಳಗೆ ಮನೆ ಸೇರಬೇಕು ಫಾದರ್, ಎಂದು ಡಬ್ಬಿ ಮುಚ್ಚಿದಳು.