ಕೊಲೆಗಾರನಿಲ್ಲದ ಸಾವು

2018ರ ಅಕ್ಟೋಬರ್ 27, ಶನಿವಾರ ರಾತ್ರಿ. ಹೈದರಾಬಾದಿನ ಲಿಂಗಂಪಲ್ಲಿ ಸ್ಟೇಷನ್ನಿನ ಸಮೀಪದ ನಮ್ಮ ಬಾಡಿಗೆ ಮನೆಯಲ್ಲಿ ‘ಸಿಐಡಿ’ ಧಾರಾವಾಹಿಯ ಕೊನೆಯ ಕಂತು ಮುಗಿಯಿತು. ಜಾಹೀರಾತು ಶುರುವಾದರೂ ಅವ್ವ ರಿಮೋಟಿಗೆ ಕೈ ಹಾಕಲಿಲ್ಲ. ಕೊಂಚ ಹೊತ್ತು ಸುಮ್ಮನೆ ಕೂತಿದ್ದು ಕೇಳಿದಳು: “ಯಾರ್ ಬಂದ್ ಮಾಡ್ಯಾರ ಇದನ್ನ?”

ಯಾಕೆ ಎಂದಲ್ಲ, ಯಾರು ಎಂದು. ಇಪ್ಪತ್ತು ವರ್ಷ ಪತ್ತೇದಾರಿ ನೋಡಿದವಳ ಪ್ರಶ್ನೆ ಅದು.

ಬಿ.ಪಿ. ಸಿಂಗ್ ಅವರ ಈ ಧಾರಾವಾಹಿ ಸೋನಿ ವಾಹಿನಿಯಲ್ಲಿ ಆರಂಭವಾದದ್ದು 1998ರ ಜನವರಿಯಲ್ಲಿ. ಆ ರಾತ್ರಿ ಮುಗಿದದ್ದು 1,547ನೆಯ ಕಂತು. ಬೆರಳು ತಿರುಗಿಸುತ್ತ ಅನುಮಾನ ಪಡುವ ಎಸಿಪಿ ಪ್ರದ್ಯುಮನ್, ಪ್ರಯೋಗಾಲಯದಲ್ಲಿ ಅವರೊಂದಿಗೆ ಜಗಳ ಕಾಯುವ ಡಾಕ್ಟರ್ ಸಾಳುಂಕೆ, ಬೀಗ ಹಾಕಿದ ಬಾಗಿಲು ಕಂಡರೆ ಭುಜ ಕೊಡುವ ದಯಾ, ಪೆದ್ದು ಮಾತಾಡಿ ಬೈಸಿಕೊಳ್ಳುವ ಫ್ರೆಡ್ರಿಕ್ಸ್. ದಯಾ ಪಾತ್ರದ ದಯಾನಂದ ಶೆಟ್ಟಿ ನಮ್ಮ ಕರಾವಳಿ ಮೂಲದವರು ಎಂದು ತಿಳಿದ ದಿನದಿಂದ ಅವ್ವನಿಗೆ ಅವರು “ನಮ್ ಕಡೀ ಹುಡುಗ”. ಕಲಬುರಗಿಯ ಭೀಮಾತೀರಕ್ಕೂ ಉಡುಪಿ ಸೀಮೆಗೂ ಎಲ್ಲಿಯ ನಂಟು? ಆದರೆ ಊರು ಬಿಟ್ಟು ಬಂದವರಿಗೆ ನಾಡಿನ ನಕಾಶೆ ಚಿಕ್ಕದಾಗುತ್ತದೆ. ಹಿಂದಿಯೂ ಅವಳಿಗೆ ತೊಡಕಾಗಲಿಲ್ಲ. ನಮ್ಮ ಕಡೆಯ ಸಂತೆಯಲ್ಲಿ ಕನ್ನಡದ ಜೊತೆ ದಖನಿ ಮೊದಲಿನಿಂದಲೂ ಇತ್ತು.

ಮರುದಿನ ನಮ್ಮ ಕಟ್ಟಡದ ಲಿಫ್ಟಿನಲ್ಲಿ, ಕೆಳಗಿನ ತರಕಾರಿ ಗಾಡಿಯ ಹತ್ತಿರ, ಇದೇ ಮಾತು. ತೆಲುಗಿನವರು, ಬಂಗಾಳಿಯವರು, ಬೀದರಿನವರು ಎಲ್ಲರೂ ತನಿಖೆಗೆ ಇಳಿದಿದ್ದರು. ಚಾನೆಲ್ಲಿನವರ ಕೆಲಸ ಎಂದರು ಒಬ್ಬರು. ಟಿಆರ್‌ಪಿ ಎಂದರು ಇನ್ನೊಬ್ಬರು. ಇದು ತಾತ್ಕಾಲಿಕ ವಿರಾಮ ಎಂದು ವಾಹಿನಿ ಹೇಳಿದ್ದನ್ನು ಯಾರೂ ನಂಬಲಿಲ್ಲ. ಕಾಲೇಜಿನ ಹುಡುಗರು ಮಾತ್ರ ಅಪರಾಧಿಯನ್ನು ಹುಡುಕುವ ಗೋಜಿಗೆ ಹೋಗದೆ, ತಮ್ಮ ಬಾಲ್ಯ ಮುಗಿಯಿತು ಎಂದರು. ಆ ಎಲ್ಲ ಮಾತುಗಳಲ್ಲಿ ನನ್ನ ಮನಸ್ಸಿಗೆ ಹತ್ತಿರವಾದದ್ದು ಅದೇ.

ಪತ್ತೇದಾರಿ ಕತೆ ನಮಗೆ ಕೊಡುವ ಸಮಾಧಾನ ದೊಡ್ಡದು. ಅಲ್ಲಿ ಸುಮ್ಮನೆ ಬಂದ ಸಾವು ಎಂಬುದಿಲ್ಲ. ಪ್ರತಿ ಹೆಣದ ಹಿಂದೆ ಒಂದು ಕೈ, ಆ ಕೈಗೆ ಒಂದು ಕಾರಣ, ಗಂಟೆ ಮುಗಿಯುವುದರೊಳಗೆ ಆ ಕೈಗೆ ಕೋಳ. ನಿಜ ಬದುಕಿನ ಅಗಲಿಕೆಗಳಲ್ಲಿ ಈ ಲೆಕ್ಕ ಚುಕ್ತಾ ಆಗುವುದೇ ಇಲ್ಲ. ಅಪ್ಪ ತೀರಿಕೊಂಡಾಗ ಡಾಕ್ಟರು ಬರೆದುಕೊಟ್ಟ ಚೀಟಿಯಲ್ಲಿ ಕಾರಣವಿತ್ತು, ಹೊಣೆ ಯಾರದೂ ಇರಲಿಲ್ಲ. ಅವ್ವ ಆ ಚೀಟಿಯನ್ನು ಟ್ರಂಕಿನಲ್ಲಿ ಇಟ್ಟುಕೊಂಡಿದ್ದಾಳೆ. ಆಮೇಲೆ ವಾರಕ್ಕೆರಡು ರಾತ್ರಿ, ಸಾವಿಗೆ ಉತ್ತರ ಹುಡುಕಿ ಕೊಡುವವರ ಮುಂದೆ ಕೂತಳು. ಒಂದು ದಿನ ಆ ಉತ್ತರ ಕೊಡುವವರೇ ಇಲ್ಲವಾದರು, ಅವರನ್ನು ಇಲ್ಲವಾಗಿಸಿದ್ದು ಯಾರೆಂದು ಪತ್ತೆ ಹಚ್ಚಲು ಯಾರೂ ಉಳಿದಿರಲಿಲ್ಲ.

1893ರಲ್ಲಿ ಆರ್ಥರ್ ಕಾನನ್ ಡಾಯ್ಲ್ ತನ್ನ ಷರ್ಲಾಕ್ ಹೋಮ್ಸ್‌ನನ್ನು ಜಲಪಾತಕ್ಕೆ ದೂಡಿದಾಗ ಓದುಗರು ಸಿಟ್ಟಿನಿಂದ ಪತ್ರ ಬರೆದರು. ಅವರ ಕಷ್ಟ ಸುಲಭದ್ದು. ಕೊಲೆಗಾರನ ವಿಳಾಸ ಅವರಿಗೆ ಗೊತ್ತಿತ್ತು. ಹತ್ತು ವರ್ಷಕ್ಕೆ ಹೋಮ್ಸ್ ಬದುಕಿ ಬಂದ.

ಅವ್ವನಿಗೆ ಟೀವಿ ಕೈಬಿಟ್ಟದ್ದು ಅದು ಮೊದಲ ಸಲವಲ್ಲ. 1975ರ ಆಗಸ್ಟ್ 1ರಂದು ‘ಸೈಟ್’ ಎಂಬ ಉಪಗ್ರಹ ಪ್ರಯೋಗ ಶುರುವಾಯಿತು. ಅಮೆರಿಕದ ಎಟಿಎಸ್-6 ಉಪಗ್ರಹದಿಂದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟೀವಿ. ಅದರಲ್ಲಿ ಕಲಬುರಗಿ ಸೀಮೆಯ ಹಳ್ಳಿಗಳೂ ಇದ್ದವು. ಚಿತ್ತಾಪುರ ತಾಲ್ಲೂಕಿನ ಹಳ್ಳಿಗೆ ಆಗಷ್ಟೇ ಸೊಸೆಯಾಗಿ ಬಂದಿದ್ದ ಅವ್ವ, ಶಾಲೆಯ ಅಂಗಳದಲ್ಲಿ ಹೆಂಗಸರ ಹಿಂದಿನ ಸಾಲಿನಲ್ಲಿ ನಿಂತು ನೋಡಿದ್ದಳು. ಜೋಳದ ಬೇಸಾಯ, ಕೂಸಿನ ಆರೈಕೆ, ನಡುವೆ ಹಾಡು. ಆ ಕನ್ನಡ ಕಾರ್ಯಕ್ರಮಗಳು ತಯಾರಾಗುತ್ತಿದ್ದದ್ದು ಇದೇ ಹೈದರಾಬಾದಿನಲ್ಲಿ. ಮುಂದೆ ಬದುಕು ಅರಸಿ ಅವಳು ವಾಡಿಯಲ್ಲಿ ರೈಲು ಹತ್ತಿ ಬಂದದ್ದೂ ಈ ಊರಿಗೇ.

ಉಪಗ್ರಹ ಒಂದು ವರ್ಷದ ಕಡ. 1976ರ ಜುಲೈ 31ಕ್ಕೆ ಪ್ರಸಾರ ನಿಂತಿತು, ಉಪಗ್ರಹವನ್ನು ಅಮೆರಿಕದವರು ತಮ್ಮತ್ತ ಸರಿಸಿಕೊಂಡರು. ಹಳ್ಳಿಗೆ ಈ ಕರಾರು ಯಾವ ಲೆಕ್ಕ? ಮರುದಿನ ಸಂಜೆಯೂ ಜನ ಬಂದು ಕೂತರಂತೆ. ಮೂರನೆಯ ದಿನವೂ ಬಂದರಂತೆ. ಕೊನೆಗೆ ಟೀವಿ ಪೆಟ್ಟಿಗೆಯ ಕೀಲಿಕೈ ಇಟ್ಟುಕೊಂಡಿದ್ದ ಮೇಷ್ಟರ ಮೇಲೆ ಅನುಮಾನ ಬಂತು. ಅಂವ ಏನೋ ಬಂದ್ ಮಾಡ್ಯಾನ ಎಂದು ಒಂದು ವಾರ ಅವರ ಜೊತೆ ಯಾರೂ ಸರಿಯಾಗಿ ಮಾತಾಡಲಿಲ್ಲ. ಇದನ್ನು ಹೇಳುವಾಗ ಅವ್ವನ ದನಿ ಇಂದಿಗೂ ಇಳಿಯುತ್ತದೆ. ಪಾಪ ಆ ಮೇಷ್ಟರು.

ಇಲ್ಲವಾಗುವಿಕೆಯನ್ನು ಅಪರಾಧವೆಂದು ಎಣಿಸಿದರೆ ಒಬ್ಬ ಮೇಷ್ಟರು ಬೇಕೇ ಬೇಕು. ಬುದ್ಧ ನೋಡಿದ್ದು ಬೇರೆ ಬಗೆಯಲ್ಲಿ: ಕೂಡಿ ಆದದ್ದೆಲ್ಲ ಬಿಡಿಯಾಗುತ್ತದೆ, ಬಿಡಿಸುವವನೊಬ್ಬ ಹೊರಗಿನಿಂದ ಬರಬೇಕಿಲ್ಲ. ಹಳೆಯ ಬೌದ್ಧ ನೆಲೆ ಸನ್ನತಿ ಅವ್ವನ ಹಳ್ಳಿಯಿಂದ ದೂರವಿಲ್ಲ. ಚಂದ್ರಲಾಂಬೆಯ ಜಾತ್ರೆಗೆ ಅವರೆಲ್ಲ ಹೋಗುತ್ತಿದ್ದವರೇ. 1986ರಲ್ಲಿ ಅಲ್ಲಿನ ಕಾಳಿ ಗುಡಿಯ ಮಾಳಿಗೆ ಕುಸಿದು ಮೂರ್ತಿ ಒಡೆಯಿತು. ಮೂರ್ತಿಯ ಪೀಠವಾಗಿದ್ದ ಚಪ್ಪಡಿಯಲ್ಲಿ ಅಶೋಕನ ಶಾಸನ ಕಂಡಿತು. ಮೂರ್ತಿ ಕೂಡಿಸಲು ಯಾವ ಕಾಲದಲ್ಲೋ ಯಾರೋ ಅಕ್ಷರಗಳ ನಡುವೆಯೇ ಕಲ್ಲನ್ನು ಕೊರೆದಿದ್ದರು. ಹತ್ತಿರದ ಕನಗನಹಳ್ಳಿಯಲ್ಲಿ ಇಡೀ ಸ್ತೂಪವೇ ಮಣ್ಣಿನಡಿ ಮಲಗಿತ್ತು. ಉಳಿಯಲೆಂದೇ ಕಲ್ಲಿನಲ್ಲಿ ಬರೆಸಿದ್ದು ಪೀಠವಾಯಿತು, ಪೀಠದ ಮೇಲಿನದ್ದು ಪುಡಿಯಾಯಿತು, ಆ ಪುಡಿಯಡಿ ಹಳೆಯ ಅಕ್ಷರ ಬೆಳಕಿಗೆ ಬಂತು. ಇದರಲ್ಲಿ ಯಾರನ್ನು ಕಟಕಟೆಗೆ ತರುವುದು? ಕೊರೆದವನು ತನ್ನ ದೇವರನ್ನು ನಿಲ್ಲಿಸಲು ಕೊರೆದ. ಅವನಿಗೂ ಅದು ಶಾಶ್ವತವೇ ಆಗಿತ್ತು.

ಆದರೂ ಅನಿತ್ಯವನ್ನು ಹೀಗೆ ತಿಳಿದುಕೊಂಡ ಮಾತ್ರಕ್ಕೆ ಸಂಕಟ ಕರಗುವುದಿಲ್ಲ, ಕರಗಬೇಕೆಂದೂ ನನಗೆ ಅನ್ನಿಸುವುದಿಲ್ಲ. ಒಂದು ಧಾರಾವಾಹಿಗೆ ಇಷ್ಟು ದುಃಖವೇ ಎಂದು ಕೇಳುವವರು ಪರದೆಯನ್ನಷ್ಟೇ ನೋಡುತ್ತಾರೆ. ಪರದೆಯ ಈಚೆಗೆ ಒಂದು ಹೊತ್ತು ಇತ್ತು. ಆ ಹೊತ್ತಿಗೆ ಪಾತ್ರೆ ಮುಗಿದಿರಬೇಕು, ಹುಡುಗರು ಹಾಸಿಗೆ ಬಿಟ್ಟು ಎದ್ದು ಬರುತ್ತಿದ್ದರು, ಪಕ್ಕದ ಮನೆಯಾಕೆ ಕುರ್ಚಿ ತರುತ್ತಿದ್ದಳು, ಕೊಲೆಗಾರ ಯಾರೆಂದು ಪಂದ್ಯ ನಡೆಯುತ್ತಿತ್ತು. ಹಳೆಯ ಕಂತುಗಳನ್ನು ಮತ್ತೆ ಹಾಕಬಹುದು. ಕೂತವರನ್ನು ಹಾಗೆಯೇ ಮತ್ತೆ ಕೂರಿಸಲಾಗದು.

2024ರ ಡಿಸೆಂಬರಿನಲ್ಲಿ ‘ಸಿಐಡಿ’ ಮರಳಿ ಬಂತು. ಅವ್ವ ಮುಖಗಳನ್ನು ಎಣಿಸುತ್ತ ಕೂತಳು. “ಫ್ರೆಡ್ರಿಕ್ಸ್ ಎಲ್ಲಿ?” ಎಂದಳು. ಆ ಪಾತ್ರದ ದಿನೇಶ್ ಫಡ್ನಿಸ್ ವರ್ಷದ ಹಿಂದೆ, 2023ರ ಡಿಸೆಂಬರಿನಲ್ಲಿ ತೀರಿಕೊಂಡಿದ್ದರು. ಹೇಳಿದೆ. ಅವಳು ಮತ್ತೆ ಯಾರು, ಯಾಕೆ ಎಂದು ಕೇಳಲಿಲ್ಲ.

2025ರ ಏಪ್ರಿಲಿನಲ್ಲಿ ಕತೆಯೊಳಗೆ ಎಸಿಪಿ ಪ್ರದ್ಯುಮನ್ ಸತ್ತರು. ವಾಹಿನಿಯೇ ಶ್ರದ್ಧಾಂಜಲಿ ಪ್ರಕಟಿಸಿತು, ಜನ ನಿಜವಾಗಿ ಮರುಗಿದರು. ಮುಂದೆ ಶಿವಾಜಿ ಸಾಟಮ್ ಅದೇ ಪಾತ್ರದಲ್ಲಿ ತಿರುಗಿ ಬಂದರು. “ಬಂದಾನ ನೋಡು,” ಎಂದಳು ಅವ್ವ. ಅವಳ ಮುಖ ಅರಳಿತ್ತು. ಹಾಗೆ ತಿರುಗಿ ಬಾರದವನ ಹೆಸರನ್ನು ನಾವಿಬ್ಬರೂ ಎತ್ತಲಿಲ್ಲ.

ಆ ರಾತ್ರಿ ಮಲಗುವ ಮುಂಚೆ ಅವಳು ನನ್ನ ಮಗನನ್ನು ಕೇಳಿದಳು, ಮುಂದಿನದು ಎಷ್ಟಕ್ಕ ಹಚ್ತಾರ ಎಂದು. ಈಗ ನೆಟ್‌ಫ್ಲಿಕ್ಸ್‌ನಲ್ಲಿದೆ, ಯಾವಾಗ ಬೇಕಾದರೂ ನೋಡಬಹುದು ಅಜ್ಜಿ, ಎಂದ ಅವನು.

ಅವ್ವ ಅವನ ಮುಖ ನೋಡುತ್ತ ನಿಂತಳು. “ಯಾವಾಗ ಬೇಕಾದ್ರೂ ಅಂದ್ರ, ಯಾವಾಗ?”